ಸಾವು ಸಾರಲೊಲ್ಲದ ಗಂಟೆ

ನಾನು ಒಂದು ಗಂಟೆ. ತಾಮ್ರ, ತವರ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ತಣ್ಣಗಾದ ಮೇಲೆ ಎರಕದವನು ಒಮ್ಮೆ ತಟ್ಟಿ, ನನ್ನ ದನಿ ಪೂರ್ತಿ ಅಡಗುವವರೆಗೆ ಕಿವಿಗೊಟ್ಟು ನಿಂತ. ಆ ಉದ್ದನೆಯ ದನಿಗಾಗಿಯೇ ಗದಗದ ಕಡೆಯ ಒಂದು ನೇಕಾರರ ಓಣಿಯ ಚರ್ಚಿನವರು ನನ್ನನ್ನು ಕೊಂಡರು.

ಅಲ್ಲಿ ನನಗೆ ಎರಡು ಭಾಷೆ. ಬೇಗಬೇಗ ಬಾರಿಸಿದರೆ ಆರಾಧನೆ. ಒಂದು ಪೆಟ್ಟು, ಮೌನ, ಮತ್ತೊಂದು ಪೆಟ್ಟು ಎಂದರೆ ಯಾರೋ ತೀರಿಕೊಂಡರು.

ಎತ್ತರದಿಂದ ನನಗೆ ಕಾಣುತ್ತಿದ್ದುದು ಬರೀ ನೆತ್ತಿಗಳು. ಬಗ್ಗಿದ ನೆತ್ತಿಗಳು. ಸಾಹುಕಾರನ ಮುಂದೆ ಕೈಕಟ್ಟಿ ನಿಂತವರಂತೆ, ಕೇಳುವ ಮೊದಲೇ 'ಕೊಡದಿದ್ದರೂ ನಡೆದೀತು' ಎಂದುಬಿಡುವ ಪ್ರಾರ್ಥನೆಗಳು. ಇವರಿಗೇ ನಂಬಿಕೆಯಿಲ್ಲ, ನನಗೇಕೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಮಾರ್ಥವ್ವನ ಮನೆ ಮುಂದೆ ಆಂಬುಲೆನ್ಸ್ ನಿಂತಿತು. ಅವಳ ಮಗಳು ಸಲೋಮಿ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ನಮ್ಮ ಓಣಿಗೆ ಆಂಬುಲೆನ್ಸ್ ಮರಳಿ ಬಂತೆಂದರೆ ಹೆಣವೇ. ಗಂಟೆ ಬಾರಿಸುವ ಎಲೀಶಪ್ಪ ಯಾರನ್ನೂ ಕೇಳಲಿಲ್ಲ, ಹಗ್ಗ ಹಿಡಿದ. ಒಂದು ಪೆಟ್ಟು. ಮೌನ. ಮತ್ತೊಂದು ಪೆಟ್ಟು.

ಮಾರ್ಥವ್ವ ಬರಿಗಾಲಲ್ಲಿ ಓಡಿ ಬಂದಳು.

"ಏ ಎಲೀಶಾ! ಡಾಕ್ಟರ್ ಕೈಬಿಟ್ಟು ಮನಿಗೆ ಕಳಿಸ್ಯಾರ, ಮಗಳು ಇನ್ನೂ ಉಸಿರಾಡಾಕತ್ತ್ಯಾಳ! ಯಾರ ಸಲುವಾಗಿ ಬಡಿಯಾಕತ್ತಿ?"

ಎಲೀಶಪ್ಪನ ಕೈಯಿಂದ ಹಗ್ಗ ಜಾರಿತು. ಸಭಾಪಾಲಕರು ಹೊರಬಂದು ಮೆಲ್ಲಗೆ ಹೇಳಿದರು, "ದೇವರ ಚಿತ್ತ ಇದ್ದಂಗ ಆಗ್ಲಿ ಅನ್ನು, ಮಾರ್ಥವ್ವ."

"ಆತನ ಚಿತ್ತ ಆತಗ ಗೊತ್ರಿ, ಅಯ್ಯನವರ. ಕೇಳೋದು ನನ್ನ ಕೆಲಸ."

ಅವಳು ಹಗ್ಗ ಹಿಡಿದುಕೊಂಡು ತಲೆ ಎತ್ತಿದಳು. ಮೊದಲ ಸಲ ನನಗೊಂದು ಮುಖ ಕಂಡಿತು.

"ಯೇಸಪ್ಪಾ, ನಿನ್ನಿ ತನಕ ನಾನೂ ನಂಬಿರಲಿಲ್ಲ. ಈಗೂ ನಂಬಿಕಿ ಅರ್ಧಾನ ಐತಿ. ಉಳಿದರ್ಧ ನೀನ ಹಾಕು. ಮಗಳನ್ನ ಕೊಡು. ಕೊಡೂ ತನಕ ಬಿಡಂಗಿಲ್ಲ!"

ಬೇಗಬೇಗ ಎಳೆದಳು. ಆರಾಧನೆಯ ಗಂಟೆ. ಓಣಿಯವರು ಮಗ್ಗ ಬಿಟ್ಟು ಬಂದರು. "ಮಾರ್ಥಕ್ಕಗ ತಲಿ ಕೆಟ್ಟೈತಿ" ಎಂದವರೇ ಅವಳ ಕೈ ಸೋತಾಗ ಹಗ್ಗ ಹಿಡಿದರು. ಸಂಜೆಯ ಹೊತ್ತಿಗೆ ನನ್ನ ಮೈ ಬಿರಿಯಿತು. ಅವರು ನಿಲ್ಲಿಸಲಿಲ್ಲ. ನಿಲ್ಲಿಸಿ ಎಂದು ನಾನೂ ಬೇಡಿಕೊಳ್ಳಲಿಲ್ಲ.

ಸಲೋಮಿ ಸಾಯಲಿಲ್ಲ. ಕೆಲವು ದಿನಗಳಲ್ಲೇ ಎದ್ದು ಕೂತು, ಗಂಜಿಗೆ ಉಪ್ಪಿಲ್ಲವೆಂದು ತಾಯಿಯೊಡನೆ ಜಗಳಕ್ಕೆ ನಿಂತಳಂತೆ. ಡಾಕ್ಟರು ಏನೋ ಕಾರಣ ಹೇಳಿದರು. ಹೇಳಲಿ.

ಈಗ ಗೋಪುರದಲ್ಲಿ ಹೊಸ ಗಂಟೆಯಿದೆ. ನಾನು ಮುರಿದ ಬೆಂಚುಗಳ ಜೊತೆ ಮೂಲೆಯಲ್ಲಿದ್ದೇನೆ. ಮೊನ್ನೆ ಗುಜರಿಯವನು ನನ್ನನ್ನು ಬಡಿದು ನೋಡಿ, "ಒಡದೈತಲ್ರಿ ಇದು" ಎಂದ.

ಕಸ ಗುಡಿಸುತ್ತಿದ್ದ ಸಲೋಮಿ ಕಸಬರಿಗೆ ಎತ್ತಿದಳು. "ಒಡದದ್ದು ನನ್ನ ಸಲುವಾಗಿ. ಮುಟ್ಟಿದ್ರ ನೋಡ್ರಿ!"

ಒಡೆದಿದ್ದೇನೆ, ನಿಜ. ಸಾವು ಸಾರಲು ಬೇಕಾದ ಆ ಉದ್ದನೆಯ ದನಿ ಈಗ ನನ್ನಲ್ಲಿಲ್ಲ. ಎಷ್ಟು ಮೆಲ್ಲಗೆ ಬಾರಿಸಿದರೂ ನಾನು ಬರೀ ಒರಟಾಗಿ ಕೂಗುತ್ತೇನೆ, ಆ ಮಧ್ಯಾಹ್ನ ಮಾರ್ಥವ್ವ ಕೂಗಿದ ಹಾಗೆ.