ಒದ್ದೆ ಸೊಪ್ಪು

ತಿಪ್ಪೆಯ ಕಡೆಯಿಂದ ಮತ್ತೆ ಆ ನಾತ, ಒಗ್ಗರಣೆ ಸಿಡಿಸಿದರೂ ಹೋಗುತ್ತಿಲ್ಲ, ನಿನ್ನೆ ನಲವತ್ತು ತಟ್ಟೆ ರೇಷ್ಮೆಹುಳು ಸುರಿದು ಮಣ್ಣು ಮುಚ್ಚಿದ್ದಾರೆ, ಕಪ್ಪಗೆ ಮೆತ್ತಗಾಗಿ ಸತ್ತವು, ಇನ್ನು ನಾಲ್ಕು ದಿನ ಮೇದಿದ್ದರೆ ಗೂಡು ಕಟ್ಟುತ್ತಿದ್ದವು — ನಾನೇನು ಮಾಡಿದೆ, ಸೊಪ್ಪು ಹಾಕಿದೆ ಅಷ್ಟೆ, ಒದ್ದೆ ಇರಲಿಲ್ಲ, ಇತ್ತು, ಸ್ವಲ್ಪ. ಇಲ್ಲ ಆದಿಲಕ್ಷ್ಮಿ, ನಿನಗೆ ನೀನೇ ಸುಳ್ಳು ಹೇಳಿಕೊಳ್ಳಬೇಡ, ಸ್ವಲ್ಪ ಅಲ್ಲ, ಮಳೆ ಆಗತಾನೆ ನಿಂತಿತ್ತು, ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒದ್ದೆ ಮೇದರೆ ಹುಳು ಕೊಳೆತು ಸಾಯುತ್ತವೆ, ಬಟ್ಟೆಯ ಮೇಲೆ ಹರಡಿ ಆರಿಸಿ ಹಾಕಬೇಕು ಅಂತ ಮದುವೆಯಾಗಿ ಬಂದ ವಾರವೇ ಅತ್ತೆ ಕಲಿಸಿದ್ದರು, ಆದರೆ ಆರಿಸುತ್ತಾ ಕೂತರೆ ಪುಸ್ತಕದ ಕೊನೆಯ ಇಪ್ಪತ್ತು ಪುಟ ಓದುವುದು ಯಾವಾಗ. ಯಜಮಾನರು ಕೋಲಾರದಿಂದ ತಂದುಕೊಟ್ಟ ಪತ್ತೇದಾರಿ ಪುಸ್ತಕ, ಕಳೆದುಹೋದ ತಮ್ಮನನ್ನು ಅಣ್ಣ ಹುಡುಕುತ್ತಾನೆ, ಕಥೆಯನ್ನೆಲ್ಲ ಅವನೇ ಹೇಳುತ್ತಾನೆ, ನಾನು ನಾನು ಅಂತ, ಅವನು ಅತ್ತಾಗ ನಾನೂ ಸೆರಗಲ್ಲಿ ಕಣ್ಣೊರೆಸಿಕೊಂಡೆ, ಯಾರ ಯಾರ ಮೇಲೋ ಅನುಮಾನಪಟ್ಟೆ, ಕೊನೆಗೆ ನೋಡಿದರೆ ತಮ್ಮನನ್ನು ಬಾವಿಗೆ ನೂಕಿದವನು ಅವನೇ. ಎಂಥ ಖುಷಿಯಾಯಿತು, ಮೋಸ ಹೋದದ್ದಕ್ಕೇ ಖುಷಿ, ಮತ್ತೆ ಮೊದಲ ಪುಟಕ್ಕೆ ಹೋಗಿ ಎಲ್ಲಿ ಸುಳ್ಳು ಹೇಳಿದ್ದಾನೆ ಅಂತ ಹುಡುಕಿದೆ, ಒಂದೂ ಸಿಗಲಿಲ್ಲ, ಹೇಳಬೇಕಾದದ್ದನ್ನು ಬಿಟ್ಟಿದ್ದ ಅಷ್ಟೆ. ಅಷ್ಟು ಹೊತ್ತೂ ಹುಳುಗಳು ಒದ್ದೆ ಸೊಪ್ಪು ಮೇಯುತ್ತಿದ್ದವು.

ಹುಳುವಿನ ಮನೆಗೆ ಯಾರು ಬಂದಿದ್ರು, ಮುಟ್ಟಾದೋರು ಯಾರಾದ್ರೂ ಕಾಲಿಟ್ರೇನೇ, ಇಲ್ದಿದ್ರೆ ಹಿಂಗಾಗಲ್ಲ, ಅತ್ತೆ ವೆಂಕಟರತ್ನಮ್ಮ ಕೇಳಿದರು. ಮುಟ್ಟಾದವಳು ಹೊಸ್ತಿಲು ದಾಟಿದರೆ ಹುಳು ಉಳಿಯುವುದಿಲ್ಲ ಅಂತ ಊರೆಲ್ಲ ನಂಬುತ್ತದೆ, ನಾನೂ ಕಾಲುಭಾಗ ನಂಬುತ್ತೇನೆ — ಆಂಜಿನಮ್ಮ ಬಂದಿದ್ದಳು ಅಂದೆ. ನಿಜವೇ, ದಿನಾ ಸೊಪ್ಪು ಕೊಯ್ದು ತರುವ ಆಳು ಅವಳು. ಆವತ್ತು ಹೊಟ್ಟೆನೋವು ಅಂತಿದ್ದಳು ಅಂದೆ. ಅದೂ ನಿಜ. ಅಲ್ಲಿಗೇ ನಿಲ್ಲಿಸಿದೆ, ಮಿಕ್ಕದ್ದನ್ನು ಅತ್ತೆ ಸೇರಿಸಿಕೊಂಡರು. ಯುದ್ಧದ ಪ್ಯಾರಾಚೂಟಿಗೆ ರೇಷ್ಮೆ ಬೇಕು ಅಂತ ಯಲ್ದೂರಿನ ಸುತ್ತ ಮನೆಮನೆಯಲ್ಲೂ ಹುಳು ಸಾಕುವ ಕಾಲ, ಮೈಲಿಗೆಯಲ್ಲಿ ಒಳಗೆ ಬಂದಳು ಅಂತ ಒಂದು ಸಲ ಹೆಸರು ಕೆಟ್ಟರೆ ಇನ್ನು ಯಾರೂ ಅವಳನ್ನು ಹತ್ತಿರ ಸೇರಿಸುವುದಿಲ್ಲ, ಗಂಡ ಸತ್ತ ಮೇಲೆ ಹದಿನೈದು ವರ್ಷ ಇದೇ ಕೆಲಸ, ನನ್ನ ಬಾಣಂತನದಲ್ಲಿ ಬೆನ್ನಿಗೆ ನೀರು ಹುಯ್ದವಳು ಅವಳು. ಅವಳು ಸುಮ್ಮನಿರುವುದಿಲ್ಲ, ಊರೇ ಹೆದರುವ ಬಾಯಿ ಅವಳದು, ಜಗಳಕ್ಕೆ ನಿಲ್ಲುತ್ತಾಳೆ, ಯಾರ ಮಾತು ನಿಜವೋ ಗೊತ್ತಾಗದೆ ಅತ್ತೆ ಇದನ್ನು ಅಲ್ಲಿಗೇ ಬಿಡುತ್ತಾರೆ, ಬಿಡಲಿ ದೇವರೇ.

ಬಂದಳು, ಜಗಲಿಯ ಕೆಳಗೆ ನಿಂತಳು. ಆವತ್ತು ಹೊರಗಾಗಿದ್ಯೇನೇ, ಹೊಟ್ಟೆನೋವು ಅಂತಿದ್ಯಂತೆ, ಸೊಸೆ ಹೇಳಿದ್ಳು, ನಿಜ ಹೇಳು, ಅತ್ತೆಯ ದನಿ — ಇಲ್ಲ ಅನ್ನು ಆಂಜಿನಮ್ಮ, ನನ್ನನ್ನು ಬೈಯಿ — ಅವಳು ನನ್ನ ಮುಖವನ್ನೇ ನೋಡುತ್ತಾಳೆ, ಹೆಬ್ಬೆರಳಲ್ಲಿ ಬೆರಳಿನ ಗೆಣ್ಣು ಎಣಿಸುತ್ತಾಳೆ, ಸೋಮವಾರ, ಮಂಗಳವಾರ, ತಡೆಯುತ್ತಾಳೆ, ಮತ್ತೆ ಮೊದಲಿನಿಂದ ಎಣಿಸುತ್ತಾಳೆ. ಇವಾಗ ನಂಗೆ ಯಾವಾಗಂದ್ರೆ ಆವಾಗ ಆಗ್ತದಮ್ಮಾ, ವಯಸ್ಸಾಯ್ತಲ್ಲ, ಎರಡು ತಿಂಗ್ಳಿಗೋ ಮೂರು ತಿಂಗ್ಳಿಗೋ, ಆವತ್ತು ಆಗಿರ್ಲಿಲ್ಲ ಅಂದ್ಕೊಂಡಿದ್ದೆ, ಅಮ್ಮಣ್ಣಿ ಸುಳ್ಳು ಹೇಳೋರಲ್ಲ, ಆಗಿತ್ತೇನೋ, ನಾನೇ ನೋಡ್ಕೊಂಡಿಲ್ಲ, ತಪ್ಪಾಯ್ತಮ್ಮಾ. ಕೆನ್ನೆಕೆನ್ನೆ ಬಡಿದುಕೊಳ್ಳುತ್ತಾಳೆ, ನಂಬಿಬಿಟ್ಟಳು, ತನ್ನ ಮೈಯನ್ನು ಬಿಟ್ಟು ನನ್ನನ್ನು ನಂಬಿದಳು. ಹೇಳು, ಸೊಪ್ಪು ಒದ್ದೆಯಿತ್ತು ಅಂತ ಈಗ ಹೇಳು, ಆ ಅಣ್ಣನಾದರೂ ಕೊನೆಯ ಪುಟದಲ್ಲಿ ಬಾಯಿಬಿಟ್ಟ — ನಾಳೆಯಿಂದ ಬರಬೇಡ ಕಣೇ ಅಂದರು ಅತ್ತೆ, ಆಯ್ತಮ್ಮಾ ಅಂದಳು, ಹೊರಟಳು, ಕೂಗು, ಇನ್ನೂ ಬೇಲಿ ದಾಟಿಲ್ಲ, ಬೇಲಿಯ ಹತ್ತಿರ ನಿಂತಿದ್ದಾಳೆ, ನಮ್ಮ ಕಡೆ ಬೆನ್ನು, ಕೈ ಮುಖದ ಹತ್ತಿರ, ಹೆಬ್ಬೆರಳು ಗೆಣ್ಣಿನ ಮೇಲೆ, ಸೋಮವಾರ, ಮಂಗಳವಾರ, ನಿಂತಿತು, ಮತ್ತೆ ಸೋಮವಾರ