ಕುರ್ಡಿಯ ಹುತುತು ಪಂದ್ಯ

೧೯೮೩ರ ಚಳಿಗಾಲ. ರಾಯಚೂರಿನ ಸ್ನಾತಕೋತ್ತರ ಕೇಂದ್ರದಿಂದ ವಿಶ್ವವಿದ್ಯಾಲಯದ ಹುಡುಗಿಯರು ಸೇವಾ ಶಿಬಿರಕ್ಕೆಂದು ಕುರ್ಡಿ ಹಳ್ಳಿಗೆ ಬಂದು ಶಾಲೆಯಲ್ಲಿ ಇಳಿದಿದ್ದರು. ಸಂಜೆಯ ಅಕ್ಷರ ಪಾಠಕ್ಕೆ ಊರಿನ ಒಬ್ಬ ಹೆಂಗಸೂ ಬರಲಿಲ್ಲ. ಶಿಬಿರದ ಮುಂದಾಳು ಅಸ್ಮತ್ ಬಟ್ಟೆ ವ್ಯಾಪಾರಿಯೊಬ್ಬರ ಮಗಳು. ಬೇಸರ ಕಳೆಯಲೆಂದು ಅವಳು ಗೆಳತಿಯರನ್ನು ಕರೆದು, ಶಾಲೆಯ ಬಯಲಲ್ಲಿ ಕಬಡ್ಡಿಗೆ ಗೆರೆ ಎಳೆದಳು.

ಹತ್ತಿ ಬಿಡಿಸಿ ಮನೆಗೆ ಹೊರಟಿದ್ದ ಹೆಂಗಸರು ನಿಂತು ನೋಡಿದರು. ಅವರಲ್ಲಿ ಹುಲಗೆಮ್ಮ ಎಂಬವಳು ನಕ್ಕೇಬಿಟ್ಟಳು.

“ಏನ್ರೀ ಅಕ್ಕಾರ, ಹುತುತು ಹಿಂಗ ಆಡ್ತಾರೇನ್ರಿ? ಮುಟ್ಟಾಕ ಅಂಜಾಕತ್ತೀರಲ್ಲ!”

“ಹಂಗಾದ್ರ ನೀವ ಬರ್ರಿ. ನಾಳಿ ಸಂಜಿಮುಂದ ನಾವೊಂದ್ ಕಡಿ, ನೀವೊಂದ್ ಕಡಿ,” ಎಂದಳು ಅಸ್ಮತ್.

ಮರುದಿನ ಊರಿಗೆ ಊರೇ ನೆರೆಯಿತು. ಮಾಳಿಗೆಗಳ ಮೇಲೂ ಜನ. ಹುಲಗೆಮ್ಮನ ಕಡೆಯವರು ಸೀರೆಗೆ ಕಚ್ಚೆ ಹಾಕಿ ಬಂದರು. ಆದರೆ ಒಬ್ಬಳು ಕಡಿಮೆ. ಅವಳನ್ನು ಗಂಡ ಆಡಲು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಹುಲಗೆಮ್ಮನ ಅತ್ತೆ ಪಕೀರಮ್ಮ ಜನರನ್ನು ಸರಿಸಿಕೊಂಡು ಬಂದಳು. ಸೊಸೆಯನ್ನು ಎಳೆದೊಯ್ಯಲು ಬಂದಳೆಂದೇ ಅಸ್ಮತ್ ತಿಳಿದಳು.

ಪಕೀರಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. “ನಾ ಅದೀನಲ್ಲ. ಎಲ್ಲಿ ನಿಂದರ್ಲಿ, ಹೇಳು.”

ಬಯಲೆಲ್ಲ ಕೇಕೆ ಎದ್ದಿತು.

ಆಟ ಸಮಸಮ ನಡೆಯಿತು. ಕೊನೆಗೆ ಅಸ್ಮತ್ ಉಸಿರು ಹಿಡಿದು ನುಗ್ಗಿ, ಹುಲಗೆಮ್ಮನನ್ನು ಮುಟ್ಟಿ ತಿರುಗಿದಳು. ಪಕೀರಮ್ಮ ಅವಳ ಕಾಲಿಗೇ ಬಿದ್ದು ತಬ್ಬಿ ಹಿಡಿದಳು. ಗೆರೆ ಇನ್ನೊಂದು ಗೇಣು ದೂರ ಇರುವಾಗ ಅಸ್ಮತಳ ಉಸಿರು ಕಡಿಯಿತು. ಕುರ್ಡಿ ಗೆದ್ದಿತು!

“ಬಿಡ್ರೀ ಯವ್ವಾ, ಸೋತೀನಿ!” ಧೂಳಿನಲ್ಲಿ ಬಿದ್ದಲ್ಲೇ ಅಸ್ಮತ್ ನಕ್ಕಳು.

“ನಾಳಿನೂ ಆಡ್ತೀನಂತ ಹೇಳು, ಬಿಡ್ತೀನಿ.”

“ಮೊದಲು ಪಾಠ, ಆಮ್ಯಾಲ ಆಟ. ಒಪ್ಪಿಗೇನು?”

“ಒಪ್ಪಿಗಿ!” ಎಂದು ಹೆಂಗಸರೆಲ್ಲ ಕೂಗಿದರು.

ಶಿಬಿರ ಮುಗಿಯುವವರೆಗೂ ಸಂಜೆಯ ಪಾಠಕ್ಕೆ ಜಾಗ ಸಾಲಲಿಲ್ಲ. ಬೇಸಿಗೆಗೆ ಮುಂಚೆ ಕೇಂದ್ರದ ಕ್ರೀಡಾಕೂಟಕ್ಕೆ ಕುರ್ಡಿಯ ತಂಡಕ್ಕೂ ಕರೆ ಬಂತು. ಗಂಡಸರೇ ಲಾರಿ ಗೊತ್ತುಮಾಡಿ ಜೊತೆಗೆ ಹೊರಟರು. ಲಾರಿ ಕೇಂದ್ರದ ಆವರಣಕ್ಕೆ ಬರುತ್ತಲೇ ವಿದ್ಯಾರ್ಥಿಗಳು ಸಿಳ್ಳೆ ಹೊಡೆದು ಓಡಿಬಂದರು. ಪಕೀರಮ್ಮ ಕೆಳಗಿಳಿದು ಮೈದಾನವನ್ನೊಮ್ಮೆ ಕಣ್ಣರಳಿಸಿ ನೋಡಿದಳು.

“ಯವ್ವಾ, ಇಷ್ಟ್ ದೊಡ್ಡ ಬಯಲು ಬರೇ ಆಡಾಕ ಬಿಟ್ಟಾರ! ನಡೀರೇ, ಬಿಸಲೇರೂದ್ರಾಗ ಶುರು ಮಾಡೂಣು.”