ಒಡೆಯದ ಲಕೋಟೆ

ಬೆಸುಗೆಯ ಕಿಡಿ ಬಿದ್ದು ಜರಡಿಯಾಗಿದ್ದ ಗಂಡನ ಅಂಗಿಗೆ ಅವಳು ತೇಪೆ ಹಾಕುತ್ತಿದ್ದಳು. ಉಕ್ಕಿನ ಚಾವಣಿ, ಸೇತುವೆ ಕಟ್ಟುವ ಕಂಪನಿ ದಿವಾಳಿಯೆದ್ದು, ಗೇಟಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ತೊಟ್ಟು ಹೋಗಲು ಕೆಲಸವೇ ಇಲ್ಲದಿದ್ದರೂ ತೂತು ಬಿದ್ದ ಅಂಗಿಯನ್ನು ಹಾಗೇ ಬಿಡಲು ಅವಳ ಕೈ ಒಪ್ಪದು.

ಕಣ್ಣು ಮಾತ್ರ ಗೋಡೆಗನ್ನಡಿಯ ಹಿಂದೆ ಸಿಕ್ಕಿಸಿದ್ದ ಲಕೋಟೆಯ ಮೇಲಿತ್ತು. ಮುಳುಗಿದ ಕಂಪನಿಯನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ಅಧಿಕಾರಿ ಕಳಿಸಿದ್ದು. ಆ ಬೀದಿಯ ಕೆಲಸಗಾರರಲ್ಲಿ ಒಂದು ರೂಢಿ: ಕಂಪನಿಯ ಕಾಗದ ಬಂದರೆ ಒಡೆಯದೆ ಮೇಸ್ತ್ರಿಯ ಕೈಗೆ ಕೊಡುವುದು. ಓದುವವನೂ ಅವನೇ, ಉತ್ತರ ಬರೆಯುವವನೂ ಅವನೇ. ಹೆಂಗಸರು ಮುಟ್ಟುವ ಮಾತೇ ಇಲ್ಲ. ಹೀಗೆ ಎಷ್ಟು ಮನೆಗಳ ಅನ್ನ ಕೈ ದಾಟಿಹೋಯಿತೋ, ಕೇಳಿದವರಿಲ್ಲ.

ಮೇಸ್ತ್ರಿ ಎರಡು ಸಲ ಬಂದು ಹೋಗಿದ್ದ. ಹೊಸ ಹೆಸರಿನಲ್ಲಿ ಷೆಡ್ಡು ಶುರುವಾಗುತ್ತದಂತೆ, ಕಾಗದ ಕೊಟ್ಟವರಿಗೇ ಮೊದಲು ಕರೆಯಂತೆ. ಎಲ್ಲರ ಚಪ್ಪಲಿ ಸವೆಯುತ್ತಿರುವಾಗ ಇವನ ಕಾಲಲ್ಲಿ ಹೊಸ ಜೋಡು ಎಲ್ಲಿಂದ ಬಂತು ಎಂದು ಅವಳಿಗೆ ಅನುಮಾನ. ಒಡೆದು ಕೊಟ್ಟರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, "ಒಡೆದ ಹಾಲು ಯಾರಿಗೆ ಬೇಕಮ್ಮ" ಎಂದು ನಕ್ಕಿದ್ದ.

ಅವನು ಬೆನ್ನು ತಿರುಗಿಸಿದ ಮೇಲೆ, ಕಾಯುವ ನೀರಿನ ಆವಿಗೆ ಹಿಡಿದು ಲಕೋಟೆ ಬಿಚ್ಚಿದ್ದಳು. ಎಷ್ಟು ವರ್ಷ ದುಡಿದೆವೆಂದು ಗಡುವಿನೊಳಗೆ ಬರೆದು ತಿಳಿಸದವರನ್ನು ತಾವಾಗಿ ಕೆಲಸ ಬಿಟ್ಟವರೆಂದು ತಿಳಿಯಲಾಗುವುದು, ಅವರಿಗೆ ಬಾಕಿ ಹಣ ಸಿಗದು ಎಂದಿತ್ತು. ಅಂದೇ ಉತ್ತರ ಬರೆದಿಟ್ಟು, ಲಕೋಟೆಯನ್ನು ಮೊದಲಿನಂತೆ ಅಂಟಿಸಿ ಕನ್ನಡಿಯ ಹಿಂದೆ ಸಿಕ್ಕಿಸಿದಳು. ಗಂಡನ ಸಹಿ ಕೇಳಲು ಮಾತ್ರ ಹನ್ನೆರಡು ದಿನವಾದರೂ ಬಾಯಿ ಬಂದಿರಲಿಲ್ಲ. ಅಂಚೆಗೆ ಹಾಕಲು ಇವತ್ತೇ ಕಡೆಯ ದಿನ.

ಗಂಡ ಬಂದವನೇ ಕನ್ನಡಿಯ ಹಿಂದೆ ಕೈ ಹಾಕಿದ. "ಮೇಸ್ತ್ರಿ ಬೀದಿ ಕೊನೇಲಿ ಕಾಯ್ತಿದಾನೆ. ಕೊಟ್ಟುಬರ್ತೀನಿ."

"ಅದನ್ನ ಒಡೆದಾಗಿದೆ ರೀ." ಅವಳು ಬರೆದ ಹಾಳೆಯನ್ನು ಮುಂದಿಟ್ಟಳು.

ಅವನು ಹಾಳೆಯನ್ನೂ ಅವಳನ್ನೂ ಒಂದೇ ಥರ ನೋಡಿದ. ಯಾರು ಹೇಳಿಕೊಟ್ಟರು, ಯಾರ ಕಡೆ ಸೇರಿಕೊಂಡಿದ್ದೀಯ ಎಂದು ಕೇಳಿದ. ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಗಂಡಸರ ಕಾಗದಕ್ಕೆ ಕೈ ಹಾಕಿದ ಮನೆ ಉದ್ಧಾರ ಆಗಲ್ಲ ಕಣೇ."

ಅವಳು ಗಂಡನಿಗೇ ಹೇಳಿದಳು. "ನೀವು ಬೆಸೆದ ಒಂದೊಂದು ಜಾಯಿಂಟ್ ಪಕ್ಕದಲ್ಲೂ ನಲವತ್ತೊಂದು ಅಂತ ನಿಮ್ಮ ನಂಬರ್ ಒತ್ತಿದೀರಿ. ಅದನ್ನೂ ಮೇಸ್ತ್ರಿ ಕೈಲೇ ಒತ್ತಿಸ್ತಿದ್ರಾ? ಇಪ್ಪತ್ತೆರಡು ವರ್ಷ ರೀ. ಇವತ್ತು ಸುಮ್ಮನಿದ್ರೆ, ನಾಳೆ ಹೊಸ ಷೆಡ್ಡಿಗೆ ಅವನು ನಿಮ್ಮನ್ನ ನಿನ್ನೆ ಮೊನ್ನೆ ಬಂದವರ ಹಾಗೆ ಸೇರಿಸ್ಕೋತಾನೆ."

ಅತ್ತೆಯ ಕೈಯಲ್ಲಿ ಸೊಪ್ಪು ಹಾಗೇ ನಿಂತಿತು.

"ನಿಮ್ಮಪ್ಪ ತೊಲೆ ಮೇಲಿಂದ ಬಿದ್ದು ಹೋದಾಗ್ಲೂ ಇಂಥದ್ದೇ ಒಂದು ಬಂದಿತ್ತು," ಎಂದು ಅವರು ಮಗನಿಗೆ ಮೆಲ್ಲಗೆ ಹೇಳಿದರು. "ಒಡೆಯದೆ ಕೊಟ್ಟೆ. ಒಳಗೇನಿತ್ತೋ ಇವತ್ತಿಗೂ ಗೊತ್ತಿಲ್ಲ." ಆಮೇಲೆ, "ಸಹಿ ಹಾಕೋ," ಎಂದರು.

ಅವನು ಸಹಿ ಹಾಕಿದ. ಯಾರೂ ಕೇಳದಿದ್ದರೂ ಕೆಳಗೆ ಒತ್ತಿ ಬರೆದ: ನಲವತ್ತೊಂದು.

ಅತ್ತೆ ಸೊಸೆ ಇಬ್ಬರೂ ಹೊರಟರು. ಬೀದಿ ಕೊನೆಯಲ್ಲಿ ಮೇಸ್ತ್ರಿ, ತಂದಿರೇನಮ್ಮ ಎಂದು ಕೈ ಚಾಚಿದ. ಅತ್ತೆ ಅವನ ಹೊಸ ಚಪ್ಪಲಿಯನ್ನು ಒಮ್ಮೆ ನೋಡಿ, ಸೊಸೆಯ ಮೊಣಕೈ ಹಿಡಿದು ದಾಟಿಕೊಂಡು ನಡೆದರು.

ಅಂಚೆಡಬ್ಬದೊಳಗೆ ಕಾಗದ ಬಿಟ್ಟ ಮೇಲೂ ಅವಳಿಗೆ ನಂಬಿಕೆಯಿಲ್ಲ. ಎಲ್ಲಾದರೂ ಸಿಕ್ಕಿಕೊಂಡಿದೆಯೇನೋ ಎಂದು ಬೆರಳು ತೂರಿಸಿ ತಡವಿದಳು. ಅತ್ತೆ ಡಬ್ಬವನ್ನು ಅಂಗೈಯಿಂದ ಎರಡು ಸಲ ತಟ್ಟಿ, ಅದರ ಬಾಯಿಗೆ ಕಿವಿಯಿಟ್ಟು ಕೇಳಿ ಹೇಳಿದರು:

"ಬಿದ್ದಿದೆ. ನಡಿ."